ಸಂಪಾದಕರ ಉತ್ತರ: ಸ್ಪಿನೋಜಾನ ಎರಡು ಅಧ್ಯಾಯಗಳ ನಡುವೆ

ಮಾನ್ಯರೇ,

ಹದಿನೇಳನೆಯ ಶತಮಾನದ ಡಚ್ ತತ್ತ್ವಜ್ಞಾನಿ ಸ್ಪಿನೋಜಾನನ್ನು ಕುರಿತು ನಮ್ಮ ಹಿಂದಿನ ಸಂಚಿಕೆಯಲ್ಲಿ ಪ್ರಕಟವಾದ ಲೇಖನಕ್ಕೆ ತಾವು ಬರೆದ ದೀರ್ಘ ಪ್ರತಿಕ್ರಿಯೆ ತಲುಪಿದೆ. ಅದನ್ನು ಎರಡು ಸಲ ಓದಿ, ತಾವು ಎತ್ತಿ ತೋರಿಸಿದ ಅಧ್ಯಾಯಗಳನ್ನು ಮತ್ತೆ ತೆರೆದು ನೋಡಿದ ಮೇಲೆ ಈ ಉತ್ತರ ಬರೆಯುತ್ತಿದ್ದೇನೆ. ಇತರ ಓದುಗರಿಗಾಗಿ ತಮ್ಮ ಆಕ್ಷೇಪವನ್ನು ಸಂಗ್ರಹಿಸಿ ಹೇಳುವುದಾದರೆ ಅದು ಹೀಗಿದೆ: ನಮ್ಮ ಲೇಖನ ಸ್ಪಿನೋಜಾನನ್ನು ವಿಚಾರ ಸ್ವಾತಂತ್ರ್ಯದ ದೊಡ್ಡ ಪ್ರತಿಪಾದಕನೆಂದು ಕೊಂಡಾಡಿತು, ಆದರೆ 1670ರಲ್ಲಿ ಹೊರಬಂದ ಅವನ ‘ದೈವಶಾಸ್ತ್ರ-ರಾಜಕೀಯ ಪ್ರಬಂಧ’ದ ಹತ್ತೊಂಬತ್ತನೆಯ ಅಧ್ಯಾಯ, ಧಾರ್ಮಿಕ ವಿಷಯಗಳ ಅಧಿಕಾರವೆಲ್ಲವೂ ಪ್ರಭುತ್ವಕ್ಕೇ ಸೇರಿದ್ದು, ಪ್ರಭುತ್ವದ ಆಜ್ಞೆಯಿಂದಲ್ಲದೆ ಯಾವ ಧರ್ಮವೂ ಕಾನೂನಿನ ಬಲ ಪಡೆಯದು ಎನ್ನುತ್ತದೆ, ಅದರ ಮರುಪುಟದಲ್ಲೇ ಶುರುವಾಗುವ ಇಪ್ಪತ್ತನೆಯ ಅಧ್ಯಾಯ, ಸ್ವತಂತ್ರ ರಾಜ್ಯದಲ್ಲಿ ಪ್ರತಿಯೊಬ್ಬನೂ ತನಗೆ ತೋಚಿದ್ದನ್ನು ಯೋಚಿಸಬಹುದು, ಯೋಚಿಸಿದ್ದನ್ನು ಹೇಳಬಹುದು ಎನ್ನುತ್ತದೆ. ಇದು ಒಂದೋ ವಿರೋಧಾಭಾಸ, ಇಲ್ಲವೇ ಆಳುವವರನ್ನು ಓಲೈಸಲು ಹೂಡಿದ ಉಪಾಯ. ಎರಡರಲ್ಲಿ ಯಾವುದಾದರೂ ಸರಿಯೇ, ಈತ, ಸಾರ್ವಭೌಮನಿಗೆ ಪೂರ್ಣ ಅಧಿಕಾರ ಕೊಟ್ಟ ಇಂಗ್ಲಿಷ್ ಚಿಂತಕ ಹಾಬ್ಸ್‌ನಿಂದ ಎಷ್ಟರಮಟ್ಟಿಗೆ ಬೇರೆ ಎಂಬುದು ತಮ್ಮ ಪ್ರಶ್ನೆ. ಪತ್ರದ ಕೊನೆಯಲ್ಲಿ ತಾವು ಇನ್ನೊಂದನ್ನು ಕೇಳಿದ್ದೀರಿ: ಎಲ್ಲರಿಗೂ ಮಾತಿನ ಸ್ವಾತಂತ್ರ್ಯ ಬೇಕೆಂದವನು ಆ ಮಾತನ್ನು ಎಲ್ಲರ ಭಾಷೆಯಲ್ಲಿ ಏಕೆ ಬರೆಯಲಿಲ್ಲ?

ಮೊದಲಿಗೆ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಈ ಕೃತಿಯ ಕಾರಣಕ್ಕೇ ಆಮ್‌ಸ್ಟರ್‌ಡ್ಯಾಮಿನ ಯಹೂದಿ ಸಮುದಾಯ ಸ್ಪಿನೋಜಾನಿಗೆ ಬಹಿಷ್ಕಾರ ಹಾಕಿತೆಂದು ಲೇಖನದಲ್ಲಿ ಅಚ್ಚಾಗಿತ್ತು. ಬಹಿಷ್ಕಾರ ನಡೆದದ್ದು 1656ರ ಜುಲೈ 27ರಂದು. ಆಗ ಅವನಿಗೆ ಇಪ್ಪತ್ಮೂರು ವರ್ಷ, ಒಂದು ಪುಸ್ತಕವನ್ನೂ ಅವನು ಪ್ರಕಟಿಸಿರಲಿಲ್ಲ. ಬಹಿಷ್ಕಾರದ ಪತ್ರದಲ್ಲಿ ಅವನ ಘೋರ ಪಾಷಂಡ ಮತಗಳ ಮಾತು ಬರುತ್ತದೆಯೇ ಹೊರತು ಅವು ಯಾವುವೆಂಬ ವಿವರವಿಲ್ಲ. ತಾವು ತಿದ್ದಿದ್ದಕ್ಕೆ ಕೃತಜ್ಞನಾಗಿದ್ದೇನೆ. ಇಸವಿ ತಪ್ಪಿದ್ದರಿಂದ ವಾದವೂ ತಪ್ಪು ದಿಕ್ಕಿಗೆ ವಾಲಿತೆಂದು ನನಗೆ ಅನ್ನಿಸುತ್ತದೆ. ಏಕೆಂದರೆ ಈ ಪ್ರಬಂಧವನ್ನು ಬರೆಯುವಾಗ ಸ್ಪಿನೋಜಾನ ಕಣ್ಣ ಮುಂದಿದ್ದದ್ದು ತನ್ನನ್ನು ಹೊರಹಾಕಿದ ಸಿನಗಾಗ್ ಅಲ್ಲ, ಹಾಲೆಂಡಿನ ಕ್ಯಾಲ್ವಿನ್ ಪಂಥದ ಚರ್ಚಿನ ಉಪದೇಶಕರು. 1665ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಓಲ್ಡನ್‌ಬರ್ಗ್‌ಗೆ ಬರೆದ ಪತ್ರದಲ್ಲಿ ಈ ಕೃತಿಗೆ ಕೈಹಾಕಿದ್ದಕ್ಕೆ ಅವನು ಮೂರು ಕಾರಣ ಕೊಡುತ್ತಾನೆ: ದೈವಶಾಸ್ತ್ರಜ್ಞರ ಪೂರ್ವಗ್ರಹ, ತನ್ನನ್ನು ನಾಸ್ತಿಕನೆಂದು ಜನ ದೂಷಿಸುತ್ತಿರುವುದು, ಮತ್ತು ಉಪದೇಶಕರ ಮಿತಿಮೀರಿದ ಅಧಿಕಾರದಿಂದ ಎಲ್ಲೆಡೆ ಅದುಮಿಹೋಗುತ್ತಿರುವ ತತ್ತ್ವಚಿಂತನೆಯ ಸ್ವಾತಂತ್ರ್ಯ. ಹತ್ತೊಂಬತ್ತನೆಯ ಅಧ್ಯಾಯವನ್ನು ಬಿಡಿಸಿಕೊಳ್ಳಲು ಈ ಮೂರನೆಯ ಕಾರಣವೇ ನೆರವಾಗುತ್ತದೆ.

ಧರ್ಮದ ಮೇಲೆ ಪ್ರಭುತ್ವಕ್ಕೆ ಅಧಿಕಾರವಿದೆ ಎಂಬ ಮಾತು ಇಂದು ನಮ್ಮ ಕಿವಿಗೆ ದಬ್ಬಾಳಿಕೆಯ ಮಾತಾಗಿಯೇ ಕೇಳುತ್ತದೆ. ಹದಿನೇಳನೆಯ ಶತಮಾನದ ಹಾಲೆಂಡಿನಲ್ಲಿ ಅದು ಹಾಗೆ ಕೇಳುತ್ತಿರಲಿಲ್ಲ. ಅಲ್ಲಿ ಸಹಿಷ್ಣುತೆಯ ಪಕ್ಷವೂ ಪ್ರಭುತ್ವದ ಮೇಲಧಿಕಾರವನ್ನು ಎತ್ತಿಹಿಡಿದ ಪಕ್ಷವೂ ಹೆಚ್ಚುಕಡಿಮೆ ಒಂದೇ ಆಗಿದ್ದವು. ಕ್ಯಾಲ್ವಿನ್ ಪಂಥದ ಕಟ್ಟುನಿಟ್ಟಿನ ಸಿದ್ಧಾಂತವನ್ನು ಪ್ರಶ್ನಿಸಿದ ದೈವಶಾಸ್ತ್ರಜ್ಞ ಆರ್ಮೀನಿಯಸ್‌ನ ಅನುಯಾಯಿಗಳು 1610ರಲ್ಲಿ ಹಾಲೆಂಡಿನ ಪ್ರಾಂತ್ಯಸಭೆಗೆ ಮನವಿ ಸಲ್ಲಿಸಿ ರಕ್ಷಣೆ ಬೇಡಿದಾಗ, ಅವರನ್ನು ಕಾಯಲು ಮುಂದಾದವರು ಹಾಲೆಂಡಿನ ಹಿರಿಯ ರಾಜಕಾರಣಿ ಓಲ್ಡನ್‌ಬಾರ್ನೆವೆಲ್ಟ್ ಮತ್ತು ನ್ಯಾಯಶಾಸ್ತ್ರಜ್ಞ ಗ್ರೋಷಿಯಸ್. ಚರ್ಚಿನ ವಿಷಯದಲ್ಲೂ ಕೊನೆಯ ಮಾತು ಪ್ರಾಂತ್ಯಸಭೆಯದೇ, ಉಪದೇಶಕರ ಸಭೆಯದಲ್ಲ ಎಂಬುದು ಅವರ ನೆಲೆಯಾಗಿತ್ತು. ಎದುರು ಪಕ್ಷದವರು ದೇವರ ವಿಷಯವನ್ನು ದೇವರ ಸೇವಕರೇ ತೀರ್ಮಾನಿಸಬೇಕೆಂದರು. ಗೆದ್ದವರು ಅವರೇ. 1618–19ರಲ್ಲಿ ಡಾರ್ಟ್ ಪಟ್ಟಣದಲ್ಲಿ ಸೇರಿದ ಮಹಾಸಭೆ ಆರ್ಮೀನಿಯಸ್ ಪಕ್ಷವನ್ನು ಖಂಡಿಸಿ, ಅದರ ಉಪದೇಶಕರನ್ನು ಪೀಠಗಳಿಂದ ಇಳಿಸಿತು. 1619ರ ಮೇ 13ರಂದು ಎಪ್ಪತ್ತು ದಾಟಿದ ಓಲ್ಡನ್‌ಬಾರ್ನೆವೆಲ್ಟ್‌ನ ತಲೆ ಕಡಿಯಲಾಯಿತು. ಜೀವಾವಧಿ ಶಿಕ್ಷೆಗೆ ಗುರಿಯಾದ ಗ್ರೋಷಿಯಸ್ ಎರಡು ವರ್ಷಗಳ ತರುವಾಯ ಪುಸ್ತಕದ ಪೆಟ್ಟಿಗೆಯೊಳಗೆ ಅಡಗಿ ಕೋಟೆಯಿಂದ ತಪ್ಪಿಸಿಕೊಂಡ. ಇಪ್ಪತ್ತನೆಯ ಅಧ್ಯಾಯದಲ್ಲಿ ಸ್ಪಿನೋಜಾ ಈ ಕಲಹವನ್ನು ಹೆಸರು ಹೇಳಿಯೇ ನೆನೆಯುತ್ತಾನೆ. ಧಾರ್ಮಿಕ ಚರ್ಚೆಯನ್ನು ಕಾನೂನಿನಿಂದ ಇತ್ಯರ್ಥ ಮಾಡಲು ಹೊರಟರೆ ಜನ ತಿದ್ದಿಕೊಳ್ಳುವುದಿಲ್ಲ, ಮತ್ತಷ್ಟು ಕೆರಳುತ್ತಾರೆ ಎಂಬುದಕ್ಕೆ ಅವನು ಕೊಡುವ ಸಾಕ್ಷಿ ಅದು.

ಹಾಗಾಗಿ, ಧರ್ಮಕ್ಕೆ ಸಾರ್ವಜನಿಕ ಬಲ ಇರಬೇಕೋ ಬೇಡವೋ ಎಂಬುದು ಸ್ಪಿನೋಜಾನ ಮುಂದಿದ್ದ ಪ್ರಶ್ನೆಯಲ್ಲ. ಆ ಬಲ ಅಲ್ಲಿ ಇದ್ದೇ ಇತ್ತು. ಅದು ಯಾರ ಕೈಯಲ್ಲಿರಬೇಕು ಎಂಬುದೇ ಪ್ರಶ್ನೆ. ದೇಶದ ಶಾಂತಿಗೆ ಉತ್ತರ ಹೇಳಬೇಕಾದ, ಹಿಡಿಯಲೂ ಪ್ರಶ್ನಿಸಲೂ ಸಿಗುವ ಪ್ರಭುತ್ವದ ಕೈಯಲ್ಲೋ, ಅಥವಾ ದೇವರ ಹೆಸರಿನಲ್ಲಿ ಮಾತಾಡುವುದರಿಂದ ಯಾರಿಗೂ ಉತ್ತರ ಹೇಳಬೇಕಿಲ್ಲದವರ ಕೈಯಲ್ಲೋ? ಈ ಕಾರಣಕ್ಕೇ ಹದಿನೇಳು ಮತ್ತು ಹದಿನೆಂಟನೆಯ ಅಧ್ಯಾಯಗಳಲ್ಲಿ ಅವನು ಪ್ರಾಚೀನ ಹೀಬ್ರೂ ರಾಜ್ಯದ ಕಥೆಯನ್ನು ಅಷ್ಟು ತಾಳ್ಮೆಯಿಂದ ಬಿಡಿಸುತ್ತಾನೆ. ಜನ ದೇವರನ್ನು ಬಿಟ್ಟು ಚಿನ್ನದ ಕರುವನ್ನು ಪೂಜಿಸಿದ ಪ್ರಸಂಗದ ನಂತರ ಪೂಜೆಯ ಹಕ್ಕು ಲೇವಿಯರೆಂಬ ಒಂದೇ ಕುಲದ ಪಾಲಾಯಿತು. ಉಳಿದ ಕುಲಗಳು ಅವರನ್ನು ಸಾಕಬೇಕಾಯಿತು. ಅಲ್ಲಿಂದ ಅಸಮಾಧಾನ, ಅಸಮಾಧಾನದಿಂದ ಬಂಡಾಯ, ಕೊನೆಗೆ ರಾಜ್ಯದ ನಾಶ. ಬೈಬಲನ್ನು ಬಲ್ಲ ಡಚ್ಚರು ತಮ್ಮ ದೇಶವನ್ನು ಹೊಸ ಇಸ್ರೇಲ್ ಎಂದು ಕರೆದುಕೊಳ್ಳುತ್ತಿದ್ದ ಕಾಲವದು. ಆ ಓದುಗರಿಗೆ ಈ ಕಥೆಯ ಗುರಿ ಯಾರೆಂದು ವಿವರಿಸಬೇಕಾಗಿರಲಿಲ್ಲ. ತಾವು ಹತ್ತೊಂಬತ್ತನ್ನೂ ಇಪ್ಪತ್ತನ್ನೂ ಮಾತ್ರ ಅಕ್ಕಪಕ್ಕ ಇಟ್ಟು ಓದಿದ್ದೀರೆಂದು ಪತ್ರದಿಂದ ತೋರುತ್ತದೆ. ಹದಿನೇಳರಿಂದ ಓದುತ್ತ ಬಂದರೆ ಹತ್ತೊಂಬತ್ತು ಬೇರೆಯೇ ದನಿಯಲ್ಲಿ ಕೇಳಿಸುತ್ತದೆ ಎಂದು ವಿನಯದಿಂದ ಸೂಚಿಸುತ್ತೇನೆ.

ಇಲ್ಲಿ ನಮ್ಮ ಭಾಷೆಗೆ ಸಂಬಂಧಿಸಿದ ಒಂದು ತೊಡಕನ್ನೂ ಹೇಳಬೇಕು. ನಮ್ಮ ಲೇಖನವೂ ತಮ್ಮ ಪತ್ರವೂ ಎಲ್ಲ ಕಡೆಗೂ ‘ಧರ್ಮ’ ಎಂಬ ಒಂದೇ ಪದವನ್ನು ಬಳಸಿವೆ. ಆ ಪದ ಕನ್ನಡದಲ್ಲಿ ಪೂಜೆಯನ್ನೂ ನಡತೆಯನ್ನೂ ದಾನವನ್ನೂ ಕರ್ತವ್ಯವನ್ನೂ ಒಟ್ಟಿಗೆ ಹೊತ್ತುಕೊಂಡಿದೆ. ‘ಮತ’ ಎಂದರೆ ಇನ್ನೂ ಕಷ್ಟ. ಪಂಥವೂ ಅದೇ, ಅಭಿಪ್ರಾಯವೂ ಅದೇ, ಚುನಾವಣೆಯಲ್ಲಿ ಹಾಕುವುದೂ ಅದೇ. ಸ್ಪಿನೋಜಾನ ವಾದವೆಲ್ಲ ನಿಂತಿರುವುದು ಒಂದು ಸೀಳಿನ ಮೇಲೆ: ಒಂದು ಕಡೆ ಬಹಿರಂಗದ ಆಚರಣೆ, ಇನ್ನೊಂದು ಕಡೆ ಅಂತರಂಗದ ಭಕ್ತಿ. ಹತ್ತೊಂಬತ್ತನೆಯ ಅಧ್ಯಾಯದ ಆರಂಭದಲ್ಲೇ ಅವನು ಇದನ್ನು ಬಿಚ್ಚಿ ಹೇಳುತ್ತಾನೆ. ತಾನು ಪ್ರಭುತ್ವಕ್ಕೆ ಒಪ್ಪಿಸುತ್ತಿರುವುದು ಭಕ್ತಿಯ ಹೊರಗಿನ ಆಚರಣೆಯನ್ನು ಮಾತ್ರ. ಭಕ್ತಿಯನ್ನಾಗಲಿ ದೇವರ ಅಂತರಂಗದ ಆರಾಧನೆಯನ್ನಾಗಲಿ ಅಲ್ಲ, ಏಕೆಂದರೆ ಅವು ಪ್ರತಿಯೊಬ್ಬನ ಸ್ವಂತ ಹಕ್ಕು, ಬೇರೆಯವರಿಗೆ ವರ್ಗಾಯಿಸಲು ಬಾರದ್ದು. ಏಳನೆಯ ಅಧ್ಯಾಯದ ಕೊನೆಯಲ್ಲೂ, ಧರ್ಮಗ್ರಂಥವನ್ನು ಅರ್ಥೈಸುವ ಪರಮ ಅಧಿಕಾರ ಪ್ರತಿಯೊಬ್ಬ ವ್ಯಕ್ತಿಯದೇ ಎಂದು ಸಾರುತ್ತಾನೆ. ನಮ್ಮ ಲೇಖನ ಎರಡಕ್ಕೂ ಒಂದೇ ಪದ ಬಳಸಿದ್ದರಿಂದ ಈ ಗೆರೆ ಅಳಿಸಿಹೋಯಿತು. ತಮಗೆ ಕಂಡ ವಿರೋಧಾಭಾಸದ ಒಂದು ಭಾಗ ಸ್ಪಿನೋಜಾನದಲ್ಲ, ನಮ್ಮದು.

ಇನ್ನು ಹಾಬ್ಸ್‌ನ ವಿಚಾರ. ತಮ್ಮ ಪತ್ರದ ಅತ್ಯಂತ ಬಲವಾದ ಭಾಗ ಇದೇ ಎಂದು ನನ್ನ ಅಭಿಪ್ರಾಯ. ಅಂತರಂಗ ಮತ್ತು ಬಹಿರಂಗದ ಈ ಸೀಳು ಹಾಬ್ಸ್‌ನಲ್ಲೂ ಇದೆಯಲ್ಲ ಎಂದು ತಾವು ಕೇಳಬಹುದು. ಇದೆ. 1651ರ ‘ಲೆವಿಯಾಥನ್’ನಲ್ಲಿ ಅವನು, ವಿಚಾರ ಸ್ವತಂತ್ರವಾದ್ದರಿಂದ ಪವಾಡವೊಂದನ್ನು ಮನಸ್ಸಿನಲ್ಲಿ ನಂಬಲು ಅಥವಾ ನಂಬದಿರಲು ಯಾರಿಗೂ ಅಡ್ಡಿಯಿಲ್ಲ ಎನ್ನುತ್ತಾನೆ, ಜನರ ಮನಸ್ಸಿನೊಳಗೆ ಕಾನೂನನ್ನು ನುಗ್ಗಿಸುವವರನ್ನು ಖಂಡಿಸುತ್ತಾನೆ. ಆದರೆ ಅದೇ ಹಾಬ್ಸ್, ಯಾವ ಸಿದ್ಧಾಂತವನ್ನು ಜನರಿಗೆ ಬೋಧಿಸಬಹುದು, ಯಾವ ಪುಸ್ತಕ ಅಚ್ಚಾಗಬಹುದು ಎಂಬುದನ್ನು ತೀರ್ಮಾನಿಸುವ ಅಧಿಕಾರ ಸಾರ್ವಭೌಮನದೆನ್ನುತ್ತಾನೆ. ನಾಲಿಗೆಯಿಂದ ಒಪ್ಪಿಕೊಳ್ಳುವುದು ಬರಿಯ ಬಾಹ್ಯ ಕ್ರಿಯೆ, ಆದ್ದರಿಂದ ದೊರೆ ಹೇಳೆಂದದ್ದನ್ನು ಹೇಳಿದರೆ ಒಳಗಿನ ನಂಬಿಕೆಗೆ ಕುಂದಿಲ್ಲ ಎಂಬುದು ಅವನ ನಿಲುವು. ಅಂದರೆ ಹಾಬ್ಸ್ ಗೆರೆ ಎಳೆಯುವುದು ಮನಸ್ಸಿಗೂ ಮಾತಿಗೂ ನಡುವೆ. ಮನಸ್ಸು ನಿನ್ನದು, ಮಾತು ದೊರೆಯದು.

ಸ್ಪಿನೋಜಾ ಆ ಗೆರೆಯನ್ನು ಕಿತ್ತು ಮಾತಿಗೂ ಕೃತಿಗೂ ನಡುವೆ ನೆಡುತ್ತಾನೆ. ತನಗೆ ತೋಚಿದಂತೆ ನಡೆಯುವ ಹಕ್ಕನ್ನು ಪ್ರಜೆ ಬಿಟ್ಟುಕೊಟ್ಟಿದ್ದಾನೆ, ಯೋಚಿಸುವ ಮತ್ತು ತೀರ್ಮಾನಿಸುವ ಹಕ್ಕನ್ನಲ್ಲ. ಕಾನೂನೊಂದು ಅನ್ಯಾಯವೆಂದು ಕಂಡವನು ಅದನ್ನು ಬಹಿರಂಗವಾಗಿ ತರ್ಕದಿಂದ ಖಂಡಿಸಬಹುದು, ತಿದ್ದುವ ಅಧಿಕಾರವುಳ್ಳವರ ಮುಂದೆ ಇಡಬಹುದು; ತಿದ್ದುವವರೆಗೆ ಅದಕ್ಕೆ ವಿರುದ್ಧವಾಗಿ ನಡೆಯದಿದ್ದರೆ ಸಾಕು, ಅವನು ರಾಜ್ಯದ ಉತ್ತಮ ಪ್ರಜೆಯೇ. ಇದಕ್ಕಿಂತ ಮುಖ್ಯವಾದದ್ದು ಅವನು ಕೊಡುವ ಕಾರಣ. ಮಾತಿನ ಸ್ವಾತಂತ್ರ್ಯವನ್ನು ಅವನು ಮನುಷ್ಯನ ಹಿರಿಮೆಯ ಮೇಲೆ ನಿಲ್ಲಿಸುವುದಿಲ್ಲ, ಮನುಷ್ಯನ ದೌರ್ಬಲ್ಯದ ಮೇಲೆ ನಿಲ್ಲಿಸುತ್ತಾನೆ. ಎಂತೆಂಥ ಅನುಭವಿಗಳಿಗೂ ಬಾಯಿ ಮುಚ್ಚಿಕೊಂಡಿರಲು ಬರುವುದಿಲ್ಲ, ಹೀಗಿರುವಾಗ ಸಾಮಾನ್ಯರ ಮಾತೇಕೆ. ತನಗೆ ಅನ್ನಿಸಿದ್ದನ್ನು ಇನ್ನೊಬ್ಬರಿಗೆ ಹೇಳಿಬಿಡುವುದು ಮನುಷ್ಯರೆಲ್ಲರಿಗೂ ಇರುವ ಚಾಳಿ. ಅದನ್ನು ಕಾನೂನಿನಿಂದ ತಡೆಯಲು ಹೊರಟ ಪ್ರಭುತ್ವ ಒಂದು ಯೋಚಿಸಿ ಇನ್ನೊಂದು ಆಡುವ ಜನರನ್ನು ತಯಾರಿಸುತ್ತದೆ, ಪರಸ್ಪರ ನಂಬಿಕೆಯನ್ನು ಕೆಡಿಸುತ್ತದೆ, ಮುಖಸ್ತುತಿಗೂ ವಂಚನೆಗೂ ನೀರೆರೆಯುತ್ತದೆ. ಆ ಕಾನೂನಿನ ಏಟು ಬೀಳುವುದು ಕೇಡಿಗರ ಮೇಲಲ್ಲ, ಸುಳ್ಳಾಡಲಾರದ ಸಜ್ಜನರ ಮೇಲೆ. ಅಂಥವರಿಗಾಗಿ ಕಟ್ಟಿದ ವಧಾಸ್ಥಾನ ಸದ್ಗುಣವನ್ನು ಲೋಕಕ್ಕೆ ತೋರಿಸುವ ರಂಗಸ್ಥಳವಾಗಿಬಿಡುತ್ತದೆ. ಆ ಅಧ್ಯಾಯದ ಈ ಭಾಗವನ್ನು ಓದುವಾಗಲೆಲ್ಲ ನನ್ನ ಮನಸ್ಸು ಕಲಕುತ್ತದೆ ಎಂಬುದನ್ನು ಮುಚ್ಚಿಡಲಾರೆ.

ಇದರ ಹಿಂದೆ ಇನ್ನೂ ಆಳದ ಒಂದು ವ್ಯತ್ಯಾಸವಿದೆ. ಹಾಬ್ಸ್‌ಗೂ ನಿಮಗೂ ಏನು ಅಂತರವೆಂದು ಗೆಳೆಯ ಯಾರಿಗ್ ಯೆಲ್ಲೆಸ್ ನೇರವಾಗಿ ಕೇಳಿದ್ದ. 1674ರ ಜೂನ್ 2ರಂದು ಸ್ಪಿನೋಜಾ ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ಸಹಜ ಹಕ್ಕನ್ನು ತಾನು ಯಾವತ್ತೂ ಇಡಿಯಾಗಿ ಉಳಿಸಿಕೊಳ್ಳುತ್ತೇನೆ, ಪ್ರಜೆಯ ಶಕ್ತಿಗಿಂತ ಪ್ರಭುತ್ವದ ಶಕ್ತಿ ಎಷ್ಟು ಹೆಚ್ಚಿದೆಯೋ ಅಷ್ಟೇ ಅದರ ಹಕ್ಕು, ಅದರಾಚೆಗೆ ಇಲ್ಲ. ಪ್ರಭುತ್ವಕ್ಕೆ ಒಳಪಡುವ ಒಪ್ಪಂದ ಮಾಡಿಕೊಂಡಾಕ್ಷಣ ಹಕ್ಕು ಕೈಬಿಟ್ಟುಹೋಯಿತು ಎಂಬ ಲೆಕ್ಕ ಅವನಲ್ಲಿಲ್ಲ. ಹಕ್ಕೆಂದರೆ ಶಕ್ತಿ, ಪ್ರಭುತ್ವಕ್ಕೆ ಸಾಧಿಸಲಾಗದ್ದರ ಮೇಲೆ ಅದಕ್ಕೆ ಹಕ್ಕೂ ಇಲ್ಲ. ಎರಡೂ ಎರಡು ಸೇರಿ ಐದೆಂದು ನಂಬಿಸುವ ಶಕ್ತಿ ಯಾವ ದೊರೆಗೂ ಇಲ್ಲವಾದ್ದರಿಂದ ಹಾಗೆ ಆಜ್ಞಾಪಿಸುವ ಹಕ್ಕೂ ಇಲ್ಲ. ಹೀಗಾಗಿ ವಿಚಾರ ಸ್ವಾತಂತ್ರ್ಯ ಅವನ ಪಾಲಿಗೆ ದೊರೆ ದಯಪಾಲಿಸುವ ಉಂಬಳಿಯಲ್ಲ, ದೊರೆಯ ಅಧಿಕಾರ ತಾನಾಗಿಯೇ ಮುಗಿದುಹೋಗುವ ಗಡಿ. ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಎಲ್ಲವನ್ನೂ ಪ್ರಭುತ್ವಕ್ಕೆ ಕೊಟ್ಟಂತೆ ಕಂಡರೂ, ಕೊಡಲು ಸಾಧ್ಯವಿಲ್ಲದ್ದನ್ನು ಅವನು ಕೊಟ್ಟಿಲ್ಲ; ಅದು ಏನೆಂಬುದನ್ನೇ ಇಪ್ಪತ್ತನೆಯ ಅಧ್ಯಾಯ ವಿವರಿಸುತ್ತದೆ. ಹಾಬ್ಸ್‌ನ ಸಮಕಾಲೀನ ಜಾನ್ ಆಬ್ರಿ ದಾಖಲಿಸಿರುವಂತೆ, ಈ ಕೃತಿಯನ್ನು ನೋಡಿದ ಹಾಬ್ಸ್ ಇಷ್ಟು ಧೈರ್ಯದಿಂದ ತಾನು ಬರೆಯಲಾರದೆ ಹೋದೆನೆಂದನಂತೆ. ಹಾಲೆಂಡಿನ ಆಡಳಿತ ಮಾತ್ರ ಇಬ್ಬರ ನಡುವೆ ಭೇದ ಮಾಡಲಿಲ್ಲ. 1674ರ ಜುಲೈನಲ್ಲಿ ಹೊರಡಿಸಿದ ಒಂದೇ ಆಜ್ಞೆಯಲ್ಲಿ ಇಬ್ಬರ ಪುಸ್ತಕಗಳನ್ನೂ ನಿಷೇಧಿಸಿತು.

ಹಾಗಿದ್ದರೆ ತಮ್ಮ ಆಕ್ಷೇಪವೆಲ್ಲ ಬಿದ್ದುಹೋಯಿತೇ? ಇಲ್ಲ. ಪತ್ರದ ಮೂರನೆಯ ಪುಟದಲ್ಲಿ ತಾವು ಕೇಳಿರುವ ಪ್ರಶ್ನೆ, ಪ್ರಭುತ್ವವೇ ಮತಾಂಧವಾದರೆ ಗತಿಯೇನು ಎಂಬುದು, ಸ್ಪಿನೋಜಾನಿಗೂ ಹೊಳೆದಿತ್ತು. ಆಳುವವರೇ ಅಧರ್ಮಿಗಳಾಗಬಯಸಿದರೆ ಭಕ್ತಿಯನ್ನು ಕಾಯುವವರು ಯಾರು ಎಂದು ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಅವನೇ ಕೇಳಿಕೊಳ್ಳುತ್ತಾನೆ. ಉತ್ತರವಾಗಿ ಕೊಡುವುದು ಮರುಪ್ರಶ್ನೆಯನ್ನು: ಪುರೋಹಿತರೂ ಮನುಷ್ಯರೇ, ಅವರು ಅಧರ್ಮಿಗಳಾದರೆ ಏನು ಮಾಡುತ್ತೀರಿ? ಆಳುವವರು ಮನಬಂದಂತೆ ನಡೆದರೆ ರಾಜ್ಯ ಹೇಗೂ ಹಾಳಾಗುತ್ತದೆ, ಖಾಸಗಿ ವ್ಯಕ್ತಿಗಳು ದೇವರ ಹೆಸರಿನಲ್ಲಿ ಅಧಿಕಾರ ಕಸಿದುಕೊಂಡರೆ ಇನ್ನೂ ಬೇಗ ಹಾಳಾಗುತ್ತದೆ ಎಂಬಲ್ಲಿಗೆ ಅವನು ಮಾತು ನಿಲ್ಲಿಸುತ್ತಾನೆ. ಈ ಉತ್ತರ ನನಗೆ ಸಾಕೆನಿಸುವುದಿಲ್ಲ. ಮನಸ್ಸನ್ನು ಗೆಲ್ಲಲು ಪ್ರಭುತ್ವಕ್ಕೆ ಶಕ್ತಿಯಿಲ್ಲ ಎಂಬುದು ನಿಜವಿರಬಹುದು, ಆದರೆ ಗೆಲ್ಲಲು ಯತ್ನಿಸುತ್ತ ಅದು ಎಷ್ಟು ಜನರನ್ನು ಮುರಿಯಬಲ್ಲದು ಎಂಬ ಲೆಕ್ಕ ಇಲ್ಲಿ ಬರುವುದೇ ಇಲ್ಲ. ಕೊನೆಗೆ ಆ ರಾಜ್ಯ ತಾನೇ ಕುಸಿಯುತ್ತದೆ ಎಂಬ ಭರವಸೆಯಿಂದ ಅಷ್ಟರಲ್ಲಿ ಸೆರೆಮನೆ ಸೇರಿದವನಿಗೆ ಏನೂ ಆಗಬೇಕಾದ್ದಿಲ್ಲ.

ಪ್ರಬಂಧ ಹೊರಬಂದ ಎರಡೇ ವರ್ಷಕ್ಕೆ, 1672ರ ಆಗಸ್ಟ್ 20ರಂದು, ಸಹಿಷ್ಣು ಆಡಳಿತದ ಮುಂದಾಳಾಗಿದ್ದ ಯೋಹಾನ್ ಡಿ ವಿಟ್‌ನನ್ನೂ ಅವನ ಅಣ್ಣ ಕಾರ್ನೆಲಿಸ್‌ನನ್ನೂ ಹೇಗ್ ನಗರದ ಜನಜಂಗುಳಿ ಬೀದಿಯಲ್ಲಿ ಕೊಂದುಹಾಕಿತು. ಅದೇ ಊರಿನಲ್ಲಿದ್ದ ಸ್ಪಿನೋಜಾ ಖಂಡನೆಯ ಫಲಕ ಹಿಡಿದು ಹೊರಡಲಿದ್ದನೆಂದೂ ಮನೆಯ ಯಜಮಾನ ಬಾಗಿಲು ಹಾಕಿ ತಡೆದನೆಂದೂ ಮುಂದೆ ಅವನನ್ನು ಭೇಟಿಯಾದ ಜರ್ಮನ್ ತತ್ತ್ವಜ್ಞಾನಿ ಲೈಬ್ನಿಟ್ಸ್ ಬರೆದಿಟ್ಟಿದ್ದಾನೆ. ಆಮೇಲೆ ಬರೆಯತೊಡಗಿದ ‘ರಾಜಕೀಯ ಪ್ರಬಂಧ’ದಲ್ಲಿ ಅವನು ಆಳುವವರ ಒಳ್ಳೆಯತನವನ್ನು ನಂಬಿ ಕೂರುವುದಿಲ್ಲ. ದೊಡ್ಡ ಸಂಖ್ಯೆಯ ಸಭೆಗಳು, ಒಂದನ್ನೊಂದು ತಡೆಯುವ ವ್ಯವಸ್ಥೆಗಳು ಎಂದು ಆಳುವವರ ಕೈಕಟ್ಟುವ ದಾರಿಗಳನ್ನೇ ಹುಡುಕುತ್ತಾನೆ. ಆದರೆ ಅಲ್ಲೂ ಆಳುವ ವರ್ಗಕ್ಕೆ ಒಂದೇ ಧರ್ಮವಿರಬೇಕು, ಇತರ ಪಂಥಗಳು ಬೇಕಾದಷ್ಟು ಚರ್ಚುಗಳನ್ನು ಕಟ್ಟಿಕೊಳ್ಳಲಿ, ಆದರೆ ಅವು ಸಣ್ಣವಾಗಿರಲಿ ಎನ್ನುತ್ತಾನೆ. ಹೆಂಗಸರನ್ನು ಆಡಳಿತದಿಂದ ಹೊರಗಿಡುವ ಮಾತಿನ ಹತ್ತಿರ ಆ ಕೃತಿ ಅಪೂರ್ಣವಾಗಿ ನಿಲ್ಲುತ್ತದೆ. 1677ರ ಫೆಬ್ರುವರಿಯಲ್ಲಿ ಅವನು ತೀರಿಕೊಂಡಾಗ ವಯಸ್ಸು ನಲವತ್ತನಾಲ್ಕು.

ಇಂಗ್ಲಿಷ್ ತತ್ತ್ವಜ್ಞಾನಿ ಲಾಕ್‌ನಂತೆ ಚರ್ಚು ಬೇರೆ, ರಾಜ್ಯ ಬೇರೆ ಎಂದಿದ್ದರೆ ಎಲ್ಲ ಸರಳವಾಗುತ್ತಿತ್ತಲ್ಲ ಎಂಬ ತಮ್ಮ ಮಾತಿಗೆ ಚುಟುಕಾಗಿ ಉತ್ತರಿಸುತ್ತೇನೆ. ಲಾಕ್ ತನ್ನ ಸಹಿಷ್ಣುತೆಯ ಪತ್ರವನ್ನು ಬರೆದದ್ದೂ ಹಾಲೆಂಡಿನಲ್ಲೇ, ಗಡೀಪಾರಿನ ದಿನಗಳಲ್ಲಿ. ಅದು 1689ರಲ್ಲಿ ಅಚ್ಚಾಯಿತು. ಸಂಸ್ಥೆಗಳ ಮಟ್ಟದಲ್ಲಿ ಅವನ ದಾರಿ ಹೆಚ್ಚು ಬಾಳಿಕೆ ಬಂದಿತೆಂಬುದನ್ನು ಒಪ್ಪುತ್ತೇನೆ. ಆದರೆ ಅವನ ಸಹಿಷ್ಣುತೆಯ ಬಾಗಿಲು ನಾಸ್ತಿಕರಿಗೆ ತೆರೆಯುವುದಿಲ್ಲ. ದೇವರನ್ನು ನಂಬದವನ ಪ್ರಮಾಣವಚನವನ್ನು ನಂಬಲಾಗದು ಎನ್ನುತ್ತಾನೆ. ಸ್ಪಿನೋಜಾ ಕೂಡ ಸಾರ್ವತ್ರಿಕ ನಂಬಿಕೆಯ ಏಳು ತತ್ತ್ವಗಳಲ್ಲಿ ದೇವರ ಅಸ್ತಿತ್ವವನ್ನು ಸೇರಿಸುತ್ತಾನಾದರೂ, ಒಬ್ಬನ ನಂಬಿಕೆಯನ್ನು ಅಳೆಯಬೇಕಾದದ್ದು ಅವನ ನ್ಯಾಯಪರತೆಯಿಂದ ಮತ್ತು ನೆರೆಯವನ ಮೇಲಿನ ಪ್ರೀತಿಯಿಂದ ಮಾತ್ರ ಎಂಬ ಮಾತನ್ನು ಬಿಡುವುದಿಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ ಸಾಲ ಕೊಡುವವನು ಎದುರಿನವನು ಸಿರಿವಂತನೋ ಬಡವನೋ, ಮಾತಿಗೆ ನಿಲ್ಲುವವನೋ ಮೋಸಗಾರನೋ ಎಂದಷ್ಟೇ ವಿಚಾರಿಸುತ್ತಾನೆ, ಪಂಥವನ್ನು ಕೇಳುವುದಿಲ್ಲ ಎಂದು ಅವನು ಹೆಮ್ಮೆಯಿಂದ ಬರೆಯುವುದು ಈ ಅರ್ಥದಲ್ಲಿ.

ಆ ಹೊಗಳಿಕೆಯನ್ನು ಅವನು ಬರೆದ ಹೊತ್ತಿನಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಏನಾಯಿತೆಂಬುದರಲ್ಲಿ ತಮ್ಮ ಕೊನೆಯ ಪ್ರಶ್ನೆಗೆ ಉತ್ತರವಿದೆ. ಆಡ್ರಿಯಾನ್ ಕೂರ್‌ಬಾಗ್ ಎಂಬ ವೈದ್ಯ, ವಕೀಲ, ಸ್ಪಿನೋಜಾನ ಬಳಗದವನು, 1668ರಲ್ಲಿ ಒಂದು ನಿಘಂಟನ್ನು ಪ್ರಕಟಿಸಿದ. ಲ್ಯಾಟಿನ್ ಮೂಲದಿಂದ ಬಂದ ಕಾನೂನಿನ, ವೈದ್ಯದ, ದೈವಶಾಸ್ತ್ರದ ಪದಗಳನ್ನು ಸಾಮಾನ್ಯ ಡಚ್ಚರಿಗೆ ಅವರದೇ ಭಾಷೆಯಲ್ಲಿ ಬಿಡಿಸಿ ಹೇಳುವ ಪುಸ್ತಕ ಅದು. ಬಿಡಿಸುತ್ತ ಬಿಡಿಸುತ್ತ ಅವನು ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂಬ ಕ್ರೈಸ್ತ ಸಿದ್ಧಾಂತವನ್ನೂ ಏಸುವಿನ ದೈವತ್ವವನ್ನೂ ನಿರಾಕರಿಸಿದ. ತನ್ನ ಹೆಸರನ್ನೂ ಮುಖಪುಟದಲ್ಲಿ ಹಾಕಿದ. ಚರ್ಚಿನ ಮಂಡಳಿ ದೂರು ಕೊಟ್ಟಿತು, ನಗರದ ಅಧಿಕಾರಿಗಳು ಹಿಡಿದು ವಿಚಾರಣೆ ನಡೆಸಿದರು. ಹತ್ತು ವರ್ಷ ಸೆರೆ, ಆಮೇಲೆ ಹತ್ತು ವರ್ಷ ಗಡೀಪಾರು, 4000 ಗಿಲ್ಡರ್ ದಂಡ. 1669ರ ಅಕ್ಟೋಬರಿನಲ್ಲಿ ಅವನು ಸೆರೆಯಲ್ಲೇ ಸತ್ತ. ಕೆಲವೇ ತಿಂಗಳಲ್ಲಿ ಸ್ಪಿನೋಜಾನ ಕೃತಿ ಲ್ಯಾಟಿನ್ನಿನಲ್ಲಿ, ಲೇಖಕನ ಹೆಸರಿಲ್ಲದೆ, ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಗಿದ್ದರೂ ಹ್ಯಾಂಬರ್ಗ್ ಎಂಬ ಸುಳ್ಳು ವಿಳಾಸ ಹೊತ್ತು ಹೊರಬಂತು. ಡಚ್ ಅನುವಾದವೊಂದು ಸಿದ್ಧವಾಗುತ್ತಿದೆಯೆಂದು ತಿಳಿದಾಗ, 1671ರ ಫೆಬ್ರುವರಿಯಲ್ಲಿ ಅವನು ಯೆಲ್ಲೆಸ್‌ಗೆ ಪತ್ರ ಬರೆದು, ದಯವಿಟ್ಟು ಅದು ಅಚ್ಚಾಗದಂತೆ ತಡೆಯಿರಿ, ಇಲ್ಲವಾದರೆ ಪುಸ್ತಕವೇ ನಿಷೇಧಕ್ಕೊಳಗಾದೀತು ಎಂದು ಬೇಡಿಕೊಂಡ.

ಇದನ್ನು ಹೇಡಿತನ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಆದರೆ ತಾವು ಹೇಳಿದ ಕೊರತೆ ಇದ್ದೇ ಇದೆ. ಪ್ರಬಂಧದ ಮುನ್ನುಡಿಯಲ್ಲೇ ಅವನು ಸಾಮಾನ್ಯ ಜನ ಇದನ್ನು ಓದುವುದು ಬೇಡವೆಂದಿದ್ದಾನೆ, ಅವರ ಪೂರ್ವಗ್ರಹ ಹೋಗುವಂಥದ್ದಲ್ಲವೆಂದು. ಇಪ್ಪತ್ತನೆಯ ಅಧ್ಯಾಯದ ವಾದದಲ್ಲಿ ‘ಪ್ರತಿಯೊಬ್ಬ’ ಎಂಬುದಕ್ಕೆ ಸಾಮಾನ್ಯರನ್ನು ಬಿಟ್ಟು ಎಂಬ ಷರತ್ತು ಎಲ್ಲೂ ಇಲ್ಲ, ಆದರೆ ಮುನ್ನುಡಿಯಲ್ಲಿ ಇದೆ. ಇವೆರಡು ಒಂದಕ್ಕೊಂದು ಹೊಂದುವುದಿಲ್ಲ. ತಾವು ಗುರುತಿಸಿದ ವಿರೋಧ ಹತ್ತೊಂಬತ್ತಕ್ಕೂ ಇಪ್ಪತ್ತಕ್ಕೂ ನಡುವೆ ಇರುವುದಕ್ಕಿಂತ ಹೆಚ್ಚಾಗಿ ಇಲ್ಲಿದೆ ಎಂದು ನಾನು ತಿಳಿದಿದ್ದೇನೆ. ಅವನು ತಡೆಯಲು ಹೇಳಿದ ಡಚ್ ಅನುವಾದ ಓದುಗರ ಕೈಗೆ ಸಿಕ್ಕಿದ್ದು 1693ರಲ್ಲಿ, ಅವನು ತೀರಿಹೋದ ಹದಿನಾರು ವರ್ಷಗಳ ಮೇಲೆ.

ಇಂತಿ,
ಸಂಪಾದಕ